ಸ್ನಾನ ಆದ ಮೇಲೆ ಅಜ್ಜಿಗೆ ಮೈಯೆಲ್ಲಾ ತುರಿಕೆ ಯಾಕೆ?

ಬಿಸಿ ಜಾಸ್ತಿ, ಸೋಪೂ ಜಾಸ್ತಿ, ಹೆಚ್ಚಾಗಿ ಅದೇ ಕಾರಣ. ವಯಸ್ಸಾದಂತೆ ಚರ್ಮ ಎಣ್ಣೆ ಬಿಡುವುದು ಕಡಿಮೆಯಾಗುತ್ತದೆ. ಮೈಯ ನೀರಿನಂಶ ಆರಿಹೋಗದಂತೆ ತಡೆಯುವುದೇ ಆ ತೆಳು ಜಿಡ್ಡು, ಹಂಡೆಯಿಂದ ಹೊಗೆಯಾಡುವ ನೀರು ಸುರಿದು ಸೋಪು ಉಜ್ಜಿದರೆ ಇರುವ ಅಷ್ಟೂ ತೊಳೆದು ಹೋಗುತ್ತದೆ, ಅಲ್ವಾ? ನಮ್ಮ ಮಂಡ್ಯ ಕಡೆ ಚಳಿಗಾಲದ ಒಣಗಾಳಿಗೆ ಇನ್ನೂ ಜಾಸ್ತಿ. ನಮ್ಮಮ್ಮನ ಮೊಣಕಾಲಿನ ಕೆಳಗೆ ಮೀನಿನ ಪೊರೆ ಥರ ಬಿಳಿ ಹೊಟ್ಟು ಏಳುತ್ತಿತ್ತು.

ಉಗುರುಬೆಚ್ಚಗಿನ ನೀರಲ್ಲಿ 10 ನಿಮಿಷದೊಳಗೆ ಸ್ನಾನ ಮುಗಿಸಿ. ಸೋಪು ಕಂಕುಳು, ತೊಡೆಸಂದಿ, ಪಾದಕ್ಕೆ ಸಾಕು. ಟವೆಲಿನಲ್ಲಿ ಉಜ್ಜಬೇಡಿ, ಸುಮ್ನೆ ಒತ್ತಿ ಒರೆಸಿ, ಮೈ ಇನ್ನೂ ಪಸೆಯಿರುವಾಗಲೇ ಕೊಬ್ಬರಿ ಎಣ್ಣೆಯೋ ವಾಸನೆಯಿಲ್ಲದ ಕ್ರೀಮೋ ಹಚ್ಚಿ. ಅಂಗಾಲಿಗೆ ಮಾತ್ರ ಬೇಡ, ಜಾರಿ ಬಿದ್ದಾರು. ಎರಡು ವಾರವಾದರೂ ನಿಲ್ಲದಿದ್ದರೆ ಚರ್ಮದ ಡಾಕ್ಟರಿಗೆ ತೋರಿಸಿ.