ಪ್ರತಿಕ್ರಿಯೆ: ಜ್ವಾಲಾಮುಖಿಯ ನೆಲ ನೋಡಲು ದೂರ ಹೋಗಬೇಕಿಲ್ಲ

ಬೆಳಗಾವಿಯಿಂದ ಒಂದೇ ದಿನದಲ್ಲಿ ಜ್ವಾಲಾಮುಖಿಯ ಕಲ್ಲು, ಹುಲ್ಲುಗಾವಲು, ಕಾಡು ಮೂರನ್ನೂ ನೋಡಬಹುದೇ, ಗೋಕಾಕ ಸಾಕೇ ಎಂದು ಕೇಳಿದ್ದೀರಿ. ಗೋಕಾಕ ಬೇಡ. ಅಲ್ಲಿ ಘಟಪ್ರಭೆ ಧುಮುಕುವುದು ಮರಳುಗಲ್ಲಿನ ಮೇಲಿಂದ. ಬಾದಾಮಿಯದೂ ಮರಳುಗಲ್ಲೇ.

ನೀವು ಆಂಬೋಲಿಗೆ ಹೋಗಿ. ಊರು ಮಹಾರಾಷ್ಟ್ರದ್ದಾದರೂ ಅಲ್ಲಿ ಹುಟ್ಟುವ ಹಿರಣ್ಯಕೇಶಿ ನಮ್ಮ ಸಂಕೇಶ್ವರದ ಮೂಲಕವೇ ಹರಿಯುತ್ತಾಳೆ. ಸುಮಾರು 6.6 ಕೋಟಿ ವರ್ಷಗಳ ಹಿಂದೆ ನೆಲದ ಬಿರುಕುಗಳಿಂದ ಉಕ್ಕಿದ ಲಾವಾ ಪದರಪದರವಾಗಿ ಹೆಪ್ಪುಗಟ್ಟಿ ಈ ಘಟ್ಟವಾಯಿತು. ಹಾಗಾಗಿ ಶಂಕುವಿನಾಕಾರದ ಬೆಟ್ಟವನ್ನು ಹುಡುಕಬೇಡಿ; ಘಟ್ಟದ ಗೋಡೆಯಲ್ಲಿ ಮೆಟ್ಟಿಲುಗಳಂತೆ ಕಾಣುವ ಕಪ್ಪು ಪದರಗಳನ್ನು ನೋಡಿ. ಲಾವಾ ಹೆಪ್ಪುಗಟ್ಟಿ ಆದ ಈ ಕಪ್ಪು ಕಲ್ಲೇ ಬಸಾಲ್ಟ್; ವಿಜಯಪುರದ ಎರೆ ಮಣ್ಣು ಕೂಡ ಬಸಾಲ್ಟ್ ಸವೆದು ಪುಡಿಯಾಗಿ ಆದದ್ದು.

ಸೆಪ್ಟೆಂಬರ್ ಒಳ್ಳೆಯ ಕಾಲ. ಬೆಟ್ಟದ ನೆತ್ತಿಯ ಜಂಬಿಟ್ಟಿಗೆ ಬಯಲಿನಲ್ಲಿ ದಯವಿಟ್ಟು ಮಂಡಿಯೂರಿ ಕುಳಿತು ನೋಡಿ. ನೀರು ಜಿನುಗುವ ತೆಳು ಮಣ್ಣಿನಲ್ಲಿ ಉಗುರಿನಷ್ಟು ನೀಲಿ ಹೂ ಬಿಡುವ ಯುಟ್ರಿಕ್ಯುಲೇರಿಯಾ ಗಿಡ, ಪಕ್ಕದಲ್ಲೇ ಎಲೆಯ ರೋಮದ ತುದಿಯಲ್ಲಿ ಅಂಟಿನ ಹನಿ ಹೊತ್ತ ಡ್ರಾಸೆರಾ ಗಿಡ. ಎರಡೂ ಕೀಟಾಹಾರಿಗಳು. ಆ ಮಣ್ಣಿನಲ್ಲಿ ಸಾರಜನಕ ಕಡಿಮೆ, ಅದಕ್ಕೇ ಹುಳುಗಳನ್ನು ಹಿಡಿಯುತ್ತವೆ. ಬೂಟುಗಾಲಿನ ಒಂದು ಹೆಜ್ಜೆಗೆ ಹತ್ತಾರು ಗಿಡಗಳು ಹೋಗುತ್ತವೆ. ಬರಿಯ ಕಲ್ಲಿನ ಮೇಲೆಯೇ ನಡೆಯಿರಿ, ವಾಹನವನ್ನು ರಸ್ತೆಯಲ್ಲೇ ಬಿಡಿ.

ದಟ್ಟ ಕಾಡೇ ಬೇಕೆಂದರೆ ಇನ್ನೊಂದು ದಿನ ಇಟ್ಟುಕೊಂಡು ಜಾಂಬೋಟಿ, ಚೋರ್ಲಾ ಕಡೆ ಹೋಗಿ.