ಕೆಲಸಕ್ಕೆ ಬಾ, ಆದರೆ ಕ್ಯಾಸಿನೊ ಬಾಗಿಲು ಮೊದಲೇ ಮುಚ್ಚಿಸಿಕೊ

ತಮ್ಮಾ, ನಿನ್ನ ಪ್ರಶ್ನೆ ಓದಿದೆ. ಮಣಿಪಾಲದಲ್ಲಿ ಹೋಟೆಲ್ ಮ್ಯಾನೇಜ್‌ಮೆಂಟ್ ಮುಗಿಸಿ ಉಡುಪಿಯಲ್ಲಿ ಕೆಲಸ ಮಾಡುತ್ತಿದ್ದೀಯ. ಈಗ ಸಿಂಗಪುರದಲ್ಲಿ ಕ್ಯಾಸಿನೊ ಇರುವ ರೆಸಾರ್ಟ್ ಒಂದರಲ್ಲಿ ಫ್ರಂಟ್ ಆಫೀಸ್ ಕೆಲಸ ಸಿಕ್ಕಿದೆ. ಬ್ರಹ್ಮಾವರದ ಮನೆಯಲ್ಲಿ ಅಮ್ಮ ಮಾತ್ರ "ಜುಗಾರಿ ದುಡ್ಡಿನ ಸಂಬಳ ನಮಗೆ ಬೇಡ" ಅನ್ನುತ್ತಿದ್ದಾರೆ. ಹೋಗಲಾ ಬೇಡವಾ, ಅಲ್ಲಿ ಬದುಕು ಹೇಗೆ ಅಂತ ಕೇಳಿದ್ದೀಯ. ನಾನು ಕುಂದಾಪುರದ ಕಡೆಯವನು. ಸಿಂಗಪುರದ ಹೋಟೆಲ್ ಲೈನಲ್ಲೇ ದುಡಿದು, ಪಿಆರ್ ಅಂದರೆ ಖಾಯಂ ವಾಸದ ಅನುಮತಿ ಸಿಕ್ಕಿ, ಇಲ್ಲೇ ನೆಲೆಸಿದ್ದೇನೆ. ನನ್ನ ಉತ್ತರ: ಬಾ. ಆದರೆ ವಿಮಾನ ಹತ್ತುವ ಮೊದಲು ಇದನ್ನು ಪೂರ್ತಿ ಓದು.

ಮೊದಲು ಅಮ್ಮನ ಮಾತು. "ಕ್ಯಾಸಿನೊ ಎಲ್ಲೋ ಒಂದು ಮೂಲೆಯಲ್ಲಿದೆ ಅಮ್ಮಾ" ಅಂತ ಹೇಳಿ ಸಮಾಧಾನ ಮಾಡಬೇಡ. ಜಾಗದ ಲೆಕ್ಕದಲ್ಲಿ ಅದು ನಿಜ. 2010ರಲ್ಲಿ ರೆಸಾರ್ಟ್ಸ್ ವರ್ಲ್ಡ್ ಸೆಂಟೋಸಾ, ಮರೀನಾ ಬೇ ಸ್ಯಾಂಡ್ಸ್ ಎರಡೂ ಶುರುವಾದಾಗ ಒಂದೊಂದಕ್ಕೂ ಜೂಜಿನ ಜಾಗ 15,000 ಚದರ ಮೀಟರ್ ಮೀರಬಾರದು ಅಂತ ಸರ್ಕಾರ ಮಿತಿ ಹಾಕಿತ್ತು. ಅಷ್ಟು ದೊಡ್ಡ ಕಟ್ಟಡದಲ್ಲಿ ಅದು ಸಣ್ಣ ಪಾಲು. ಆದರೆ ಆದಾಯದಲ್ಲಿ ದೊಡ್ಡ ಪಾಲು ಅಲ್ಲಿಂದಲೇ ಬರುತ್ತದೆ. ಲಾಸ್ ವೇಗಸ್‌ನ ದೊಡ್ಡ ರೆಸಾರ್ಟ್‌ಗಳಿಗೆ ಈಗ ರೂಮು, ಊಟ, ಶೋಗಳಿಂದಲೇ ಜಾಸ್ತಿ ದುಡ್ಡು. ಇಲ್ಲಿ ಮತ್ತು ಚೀನಾದ ಮಕಾವ್‌ನಲ್ಲಿ ಇವತ್ತಿಗೂ ಜೂಜಿನ ಮೇಜೇ ಉಳಿದದ್ದನ್ನೆಲ್ಲ ಸಾಕುತ್ತದೆ. ನೀನು ದುಡಿದ ಸಂಬಳ ನಿನ್ನ ಬೆವರಿನದ್ದೇ, ಅದರಲ್ಲಿ ನನಗೆ ಅನುಮಾನವಿಲ್ಲ. ಅಮ್ಮನಿಗೆ ಇದ್ದದ್ದು ಇದ್ದ ಹಾಗೆ ಹೇಳು. ಅವರು ಹೆದರುತ್ತಿರುವುದು ಸಂಬಳಕ್ಕಿಂತ ಜಾಸ್ತಿ ನಿನ್ನ ಬಗ್ಗೆ.

ಆ ಹೆದರಿಕೆಗೆ ಕಾರಣ ಇದೆ. ನಮ್ಮೂರಲ್ಲಿ ಕೋಳಿ ಅಂಕ, ಉಲಾಯಿ-ಪಿದಾಯಿ (ಅಂದರ್-ಬಾಹರ್ ಇಸ್ಪೀಟು) ಅಂದರೆ ಪೊಲೀಸ್ ಜೀಪು ಬಂದೀತು ಅನ್ನುವ ಭಯವಾದರೂ ಇರುತ್ತದೆ. ಇಲ್ಲಿ ಎಸಿ, ಮೆತ್ತನೆ ಕಾರ್ಪೆಟ್, ಪುಕ್ಕಟೆ ಕಾಫಿ. ಕಿಟಕಿ ಇಲ್ಲ, ಗಡಿಯಾರ ಇಲ್ಲ. ಹಗಲೋ ರಾತ್ರಿಯೋ ಗೊತ್ತಾಗುವುದಿಲ್ಲ. ಆಟ ಆಡಿಸುವ ಡೀಲರ್ ಮೇಜು ಬಿಟ್ಟು ಹೋಗುವಾಗ ಎರಡೂ ಅಂಗೈ ತಿರುಗಿಸಿ ತೋರಿಸಿ ಹೋಗುತ್ತಾರೆ, ಕೈಯಲ್ಲಿ ಚಿಪ್ (ದುಡ್ಡಿನ ಬದಲು ಬಳಸುವ ಬಿಲ್ಲೆ) ಇಲ್ಲ ಅಂತ ಮೇಲಿನ ಕ್ಯಾಮೆರಾಕ್ಕೆ ಕಾಣಲಿ ಅಂತ. ಇಷ್ಟು ಕಟ್ಟುನಿಟ್ಟು ನೋಡಿದಾಗ ಆಟದಲ್ಲಿ ಮೋಸ ಇಲ್ಲ ಅನ್ನಿಸುತ್ತದೆ. ನಿಜವಾಗಿಯೂ ಇಲ್ಲ, ಮಾರಾಯ. ಮೋಸ ಮಾಡುವ ಅಗತ್ಯವೇ ಅವರಿಗಿಲ್ಲ.

ಲೆಕ್ಕ ನೋಡು. ರೂಲೆಟ್ ಅಂದರೆ ಅಂಕಿಗಳ ಮನೆಯಿರುವ ಚಕ್ರದಲ್ಲಿ ಗುಂಡು ಉರುಳಿಸುವ ಆಟ. ಎರಡು ಸೊನ್ನೆ ಇರುವ ಚಕ್ರದಲ್ಲಿ 38 ಮನೆ. ಒಂದೇ ಅಂಕಿಗೆ 1 ಡಾಲರಿನಂತೆ 38 ಸಲ ಕಟ್ಟಿದರೆ ಸರಾಸರಿ ಒಂದು ಸಲ ಗೆಲ್ಲುತ್ತೀಯ, ಆಗ ಕೈಗೆ ಬರುವುದು 36. ಉಳಿದ 2 ಡಾಲರ್ ಕ್ಯಾಸಿನೊ ಕಂಪನಿಗೆ. ಬ್ಯಾಕರಾ ಅನ್ನುವ ಇಸ್ಪೀಟಿನಲ್ಲಿ ಬ್ಯಾಂಕರ್, ಪ್ಲೇಯರ್ ಅಂತ ಎರಡು ಪಕ್ಷ, ಯಾವುದು ಗೆಲ್ಲುತ್ತದೆ ಅಂತ ಪಣ ಕಟ್ಟುವುದು. ಅದರಲ್ಲಿ ಕಂಪನಿಯ ಪಾಲು ಇನ್ನೂ ಕಡಿಮೆ: ಬ್ಯಾಂಕರ್ ಮೇಲೆ ಕಟ್ಟಿದರೆ ಶೇ. 1.06, ಪ್ಲೇಯರ್ ಮೇಲೆ ಶೇ. 1.24. ಇಷ್ಟೇನಾ ಅನ್ನಿಸುತ್ತದೆ ಅಲ್ವಾ? ಆದರೆ ನಿಮಿಷಕ್ಕೊಂದು ಆಟ ಮುಗಿಯುತ್ತದೆ. ಆಟಕ್ಕೆ 100 ಡಾಲರ್ ಅಂದರೆ ಗಂಟೆಗೆ 6,000 ಡಾಲರ್ ಪಣಕ್ಕೆ ಬಿದ್ದ ಹಾಗೆ. ಸರಾಸರಿ 70 ಡಾಲರಿನ ಆಸುಪಾಸು ಹೋಗುತ್ತದೆ, ಗಂಟೆಗಂಟೆಗೂ. ಮೇಜಿನ ಪಕ್ಕದ ಪರದೆಯಲ್ಲಿ ಹಿಂದಿನ ಆಟಗಳ ಫಲ ಕೆಂಪು (ಬ್ಯಾಂಕರ್), ನೀಲಿ (ಪ್ಲೇಯರ್) ಉಂಗುರಗಳಾಗಿ ಮೂಡುತ್ತಿರುತ್ತದೆ. ಜನ ಅದನ್ನೇ ದಿಟ್ಟಿಸಿ "ಮೂರು ಸಲ ಕೆಂಪು ಬಂತು, ಇನ್ನು ನೀಲಿ" ಅಂತ ಚಿಪ್ ಇಡುತ್ತಾರೆ. ಮುಂದಿನ ಎಲೆಗೂ ಆ ಉಂಗುರಕ್ಕೂ ಸಂಬಂಧವೇ ಇಲ್ಲ.

ಈಗ ನಿನಗೆ ಯಾರೂ ಹೇಳದ ವಿಷಯ. ಇಲ್ಲಿನ ಪ್ರಜೆಗಳು, ನನ್ನಂಥ ಪಿಆರ್‌ಗಳು ಕ್ಯಾಸಿನೊ ಒಳಗೆ ಹೋಗಬೇಕಾದರೆ 24 ಗಂಟೆಗೆ 150 ಡಾಲರ್ ಶುಲ್ಕ ಕಟ್ಟಬೇಕು. ಮೊದಲು 100 ಇತ್ತು, 2019ರಲ್ಲಿ ಏರಿಸಿದರು. ಕ್ಯಾಸಿನೊದವರು ನಮಗೆ ಸುಮ್ನೆ ಸಾಲ ಕೊಡುವ ಹಾಗೂ ಇಲ್ಲ. ಸರ್ಕಾರ ತನ್ನ ಜನರನ್ನು ಕಾಯಲು ಕಟ್ಟಿದ ಬೇಲಿ ಇದು, ಒಳ್ಳೆಯ ಬೇಲಿ. ಆದರೆ ವರ್ಕ್ ಪಾಸ್ ಮೇಲೆ ಬರುವ ನೀನು ಬೇಲಿಯ ಆಚೆಗಿದ್ದೀಯ. ನಿನಗೆ 21 ತುಂಬಿದ್ದರೆ ಸಾಕು, ಪುಕ್ಕಟೆ ಪ್ರವೇಶ. ನಿನ್ನ ಕಂಪನಿಯ ಕ್ಯಾಸಿನೊದಲ್ಲಿ ಆಡಬಾರದು ಅಂತ ಕಂಪನಿಯೇ ನಿಯಮ ಮಾಡಿರಬಹುದು. ಇನ್ನೊಂದು ಕ್ಯಾಸಿನೊ ಅದೇ ಊರಲ್ಲಿದೆ. ಅದು ಬಾಗಿಲು ಹಾಕುವುದೇ ಇಲ್ಲ.

ನಮ್ಮ ಕಡೆಯ ಹುಡುಗನೊಬ್ಬ ಹೀಗೇ ಹೋದ. ರಾತ್ರಿ ಪಾಳಿ ಮುಗಿಸಿ, ನಿದ್ದೆ ಬಾರದೆ, ರೂಮಿನವರ ಜೊತೆ "ಸುಮ್ನೆ ನೋಡಿ ಬರುವ" ಅಂತ. ಮೊದಲ ವಾರ ಗೆದ್ದ. ಅದೇ ಮುಳುವಾಯಿತು. ಸಂಬಳ ಮುಗಿದ ಮೇಲೆ ಲೈಸೆನ್ಸ್ ಇಲ್ಲದವರ ಹತ್ತಿರ ಬಡ್ಡಿಗೆ ತಂದ. ಇಲ್ಲಿ ಅಂಥವರಿಗೆ "ಆ ಲಾಂಗ್" (Ah Long) ಅನ್ನುತ್ತಾರೆ. ಒಂದು ಬೆಳಗ್ಗೆ ನೋಡಿದರೆ ಬಾಗಿಲಿಗೆ ಕೆಂಪು ಪೇಂಟ್ ಎರಚಿದ್ದರು, ಲಿಫ್ಟ್ ಪಕ್ಕದ ಗೋಡೆಯಲ್ಲಿ ಅವನ ಮನೆ ನಂಬರ್. ಮನೆ ಓನರ್ ಅವತ್ತೇ ಖಾಲಿ ಮಾಡಿಸಿದರು. ಊರಲ್ಲಿ ತಂಗಿಯ ಮದುವೆಗೆ ಇಟ್ಟ ಚಿನ್ನ ಅಡಮಾನಕ್ಕೆ ಹೋಯಿತು. ಕೆಲಸದಲ್ಲಿ ತುಂಬಾ ಚುರುಕಿನ ಹುಡುಗ ಅವನು. ಇವತ್ತಿಗೂ ನೆನೆದರೆ ಸಂಕಟವಾಗುತ್ತದೆ.

ಹಾಗಾಗಿ ಮೊದಲ ಸಂಬಳಕ್ಕಿಂತ ಮೊದಲೇ ಒಂದು ಕೆಲಸ ಮಾಡು. ನ್ಯಾಷನಲ್ ಕೌನ್ಸಿಲ್ ಆನ್ ಪ್ರಾಬ್ಲಮ್ ಗ್ಯಾಂಬ್ಲಿಂಗ್ ಅಂತ ಜೂಜಿನ ಚಟಕ್ಕೆ ಸಂಬಂಧಿಸಿದ ಮಂಡಳಿ ಇದೆ. ಅಲ್ಲಿ ಸೆಲ್ಫ್ ಎಕ್ಸ್‌ಕ್ಲೂಷನ್‌ಗೆ ಅರ್ಜಿ ಹಾಕಬಹುದು, ಇಲ್ಲಿ ದುಡಿಯುವ ವಿದೇಶಿಯರೂ ಹಾಕಬಹುದು. ನಿನ್ನನ್ನು ಕ್ಯಾಸಿನೊ ಒಳಗೆ ಬಿಡಬೇಡಿ ಅಂತ ನೀನೇ ಬರೆದುಕೊಟ್ಟ ಹಾಗೆ. ಮನಸ್ಸು ಬದಲಾಯಿತು ಅಂತ ಮರುದಿನವೇ ವಾಪಸ್ ತೆಗೆಯಲು ಆಗುವುದಿಲ್ಲ. ನಿನ್ನದು ಫ್ರಂಟ್ ಆಫೀಸ್, ಕ್ಯಾಸಿನೊ ಒಳಗೆ ಕಾಲಿಡುವ ಕೆಲಸ ಇರಲಾರದು. ಆದರೂ ಎಚ್‌ಆರ್ ಹತ್ತಿರ ಮೊದಲು ಕೇಳಿಕೊ. ಹಾಕಿದ ಅರ್ಜಿಯ ಫೋಟೊ ಅಮ್ಮನಿಗೆ ಕಳಿಸು.

ಉಳಿದದ್ದು ಕಷ್ಟವಿಲ್ಲ. ಸೆರಂಗೂನ್ ರಸ್ತೆಯ ಕಡೆ ನಮ್ಮ ಊಟ ಸಿಗುತ್ತದೆ, ಕನ್ನಡ ಸಂಘ ಇದೆ. ಪಿಆರ್ ಆಗುವವರೆಗೆ ಇಲ್ಲಿನ ಸಿಪಿಎಫ್, ಅಂದರೆ ನಮ್ಮ ಪಿಎಫ್ ಥರದ್ದು, ನಿನಗೆ ಇರುವುದಿಲ್ಲ. ಉಳಿತಾಯ ನೀನೇ ಮಾಡಬೇಕು. ಸಂಬಳ ಬಂದ ದಿನವೇ ಊರಿನ ಖಾತೆಗೆ ಇಷ್ಟು ಅಂತ ಹಾಕಿಬಿಡು. ರೂಮು ನೋಡಿದ ಮೇಲೆ ಅಡ್ವಾನ್ಸ್ ಕೊಡುವ ಮೊದಲು ನನಗೊಂದು ಮೆಸೇಜ್ ಮಾಡು, ನಾನೇ ಬಂದು ನೋಡುತ್ತೇನೆ.