ಕಾದಂಬರಿಯಲ್ಲಿನ ರೇಷನ್ ಸಾಲು ಎಷ್ಟು ನಿಜ?

ಎರಡನೇ ಮಹಾಯುದ್ಧದ ಲಂಡನ್ನಿನಲ್ಲಿ ನಡೆಯುವ ಕಾದಂಬರಿಯೊಂದು ನಿಮಗೆ ಆ ಕಾಲದ ಮನೆ-ಬೀದಿಗಳ ಬದುಕಿನ ಹುಚ್ಚು ಹಿಡಿಸಿದೆ ಎಂದು ಬರೆದಿದ್ದೀರಿ. ಅದರ ನಾಯಕಿ 1940ರ ಚಳಿಗಾಲದಲ್ಲಿ ಬ್ರೆಡ್ ಕೂಪನ್ ಹಿಡಿದು ಸಾಲು ನಿಲ್ಲುವುದು ನಿಜವೇ, ಮುಂದೆ ಏನು ಓದಬೇಕು ಎಂಬುದು ನಿಮ್ಮ ಪ್ರಶ್ನೆ.

ನಿಜವಲ್ಲ. ಯುದ್ಧ ಮುಗಿಯುವವರೆಗೂ ಬ್ರಿಟನ್ನಿನಲ್ಲಿ ಬ್ರೆಡ್ಡಿಗೆ ರೇಷನ್ ಇರಲಿಲ್ಲ. ಅದು ಬಂದದ್ದು 1946ರ ಜುಲೈನಲ್ಲಿ! ರೇಷನ್ ಎಲ್ಲದಕ್ಕೂ ಒಟ್ಟಿಗೇ ಬಂತೆಂದು ನಂಬಿದ ಕಾದಂಬರಿಕಾರರು ಇಲ್ಲೇ ಎಡವುತ್ತಾರೆ. 1940ರ ಜನವರಿ 8ರಂದು ಶುರುವಾದದ್ದು ಮೂರೇ ಪದಾರ್ಥಗಳಿಗೆ: ತಲೆಗೆ ವಾರಕ್ಕೆ ಬೇಕನ್ ಎಂಬ ಉಪ್ಪು ಹಚ್ಚಿದ ಹಂದಿಮಾಂಸ 4 ಔನ್ಸ್ (ಸುಮಾರು 113 ಗ್ರಾಂ), ಬೆಣ್ಣೆಯೂ ಅಷ್ಟೇ, ಸಕ್ಕರೆ 12 ಔನ್ಸ್. ಮಾರ್ಚ್‌ನಲ್ಲಿ ಮಾಂಸ ಸೇರಿತು. ಅದರ ಮಿತಿ ತೂಕಕ್ಕಲ್ಲ, ಬೆಲೆಗೆ: 1 ಶಿಲ್ಲಿಂಗ್ 10 ಪೆನ್ಸ್. ಅಗ್ಗದ ತುಂಡು ಆರಿಸಿದವರಿಗೆ ಹೆಚ್ಚು ಸಿಗುತ್ತಿತ್ತು. ಜುಲೈನಲ್ಲಿ ಚಹಾ, 2 ಔನ್ಸ್.

ಸಾಲಿನ ವಿಷಯವೂ ಹಾಗೆಯೇ. ರೇಷನ್ ಪುಸ್ತಕ ಹಿಡಿದು ಕಂಡ ಕಂಡ ಅಂಗಡಿಗೆ ಹೋಗುವಂತಿರಲಿಲ್ಲ. ಮೊದಲೇ ಹೆಸರು ನೋಂದಾಯಿಸಿದ ಅಂಗಡಿಯಲ್ಲೇ ಕೊಳ್ಳಬೇಕು, ಆ ಅಂಗಡಿಗೆ ಸರಕು ಬರುತ್ತಿದ್ದದ್ದೂ ಅದೇ ನೋಂದಣಿಯ ಲೆಕ್ಕದಲ್ಲಿ. ಪಾಲು ಗೊತ್ತಿದ್ದುದಕ್ಕೆ ಪೈಪೋಟಿ ಕಡಿಮೆ. ಜನ ಗಂಟೆಗಟ್ಟಲೆ ನಿಂತದ್ದು ಹೆಚ್ಚಾಗಿ ರೇಷನ್ ಇಲ್ಲದ ಮೀನು, ಈರುಳ್ಳಿ, ಕಿತ್ತಳೆಗಳಿಗೆ. ನಾಯಕಿಯ ಕೈಯಿಂದ ಕೂಪನ್ ಕಿತ್ತು ಅವಳನ್ನು ಮೀನಂಗಡಿಯ ಮುಂದೆ ನಿಲ್ಲಿಸಿದ್ದರೆ ಆ ದೃಶ್ಯ ಸರಿಹೋಗುತ್ತಿತ್ತು.

ಬಟ್ಟೆಯ ಪ್ರಸಂಗಗಳನ್ನೂ ಹೀಗೇ ಒರೆಗೆ ಹಚ್ಚಿ. ಬಟ್ಟೆಗೆ ರೇಷನ್ ಬಂದದ್ದು 1941ರ ಜೂನ್ 1ರಂದು, ಮೊದಲ ವರ್ಷಕ್ಕೆ 66 ಕೂಪನ್. ಗಂಡಸರ ಸೂಟಿಗೇ 26 ಹೋಗುತ್ತಿತ್ತು: ಕೋಟಿಗೆ 13, ವೇಸ್ಟ್‌ಕೋಟಿಗೆ 5, ಉಣ್ಣೆಯ ಪ್ಯಾಂಟಿಗೆ 8. ಸುದ್ದಿ ಸೋರಿದರೆ ಜನ ಅಂಗಡಿಗಳಿಗೆ ಮುಗಿಬೀಳುತ್ತಾರೆಂದು ಮುಂಚಿತವಾಗಿ ಕಾರ್ಡ್ ಹಂಚಿರಲಿಲ್ಲ. ಹಾಗಾಗಿ ಶುರುವಿಗೆ ಆಹಾರದ ಪುಸ್ತಕದಲ್ಲಿ ಬಳಸದೆ ಉಳಿದಿದ್ದ ಮಾರ್ಗರೀನ್ (ಬೆಣ್ಣೆಯ ಬದಲಿ) ಕೂಪನ್ ಕೊಟ್ಟೇ ಬಟ್ಟೆ ಕೊಳ್ಳಬೇಕಿತ್ತು. ಇದು ಬರುವ ಕಾದಂಬರಿ ಸಿಕ್ಕರೆ ಲೇಖಕರು ಓದಿಕೊಂಡೇ ಬರೆದಿದ್ದಾರೆ ಎಂದು ನಂಬಬಹುದು.

ಮುಂದಿನ ಓದಿಗೆ ಮುಂಚೆ ಪೆನ್ಸಿಲ್ ಹಿಡಿದು ಕಾದಂಬರಿಯನ್ನು ಇನ್ನೊಮ್ಮೆ ಓದಿ, ಪ್ರತಿ ದೃಶ್ಯದ ಪಕ್ಕ ತಿಂಗಳು, ವರ್ಷ ಗುರುತಿಸಿ. ಆಮೇಲೆ ದಿನಚರಿಗಳಿಗೆ ಬನ್ನಿ. ಜನರ ದಿನನಿತ್ಯದ ಬದುಕನ್ನು ದಾಖಲಿಸಲು 1937ರಲ್ಲಿ ಹುಟ್ಟಿದ ಮಾಸ್ ಅಬ್ಸರ್ವೇಷನ್ ಸಂಸ್ಥೆಗಾಗಿ ಸಾಮಾನ್ಯ ಜನ ಬರೆದವು ಸಸೆಕ್ಸ್ ವಿಶ್ವವಿದ್ಯಾಲಯದ ಸಂಗ್ರಹದಲ್ಲಿವೆ. ವಾಯವ್ಯ ಇಂಗ್ಲೆಂಡಿನ ಬ್ಯಾರೋ-ಇನ್-ಫರ್ನೆಸ್ ಪಟ್ಟಣದ ಗೃಹಿಣಿ ನೆಲ್ಲಾ ಲಾಸ್ಟ್ ಅವರದ್ದು ಅಚ್ಚಾಗಿದೆ. ದಶಕಗಳ ನಂತರ ಹೇಳಿದ ನೆನಪುಗಳನ್ನು ಆಗಿನ ಭಯ, ಬೇಸರ ತಿಳಿಯಲು ಓದಿ, ತಾರೀಖಿಗಾಗಿ ನೆಚ್ಚಬೇಡಿ.

ನಿರ್ದಿಷ್ಟ ಬೀದಿಯೊಂದರಲ್ಲಿ ಯಾರಿದ್ದರು ಎಂದು ನೋಡಲು ಯುದ್ಧ ಶುರುವಾದಾಗ ನಾಗರಿಕರನ್ನು ಪಟ್ಟಿ ಮಾಡಿದ 1939ರ ಸೆಪ್ಟೆಂಬರ್ 29ರ ರಾಷ್ಟ್ರೀಯ ನೋಂದಣಿಯೇ ಗತಿ. ಇಂಗ್ಲೆಂಡ್-ವೇಲ್ಸ್‌ನ 1931ರ ಜನಗಣತಿ ಬೆಂಕಿಗೆ ಆಹುತಿಯಾಯಿತು, 1941ರದ್ದು ನಡೆಯಲೇ ಇಲ್ಲ. ಆಗಲೇ ಸೇನೆಯಲ್ಲಿದ್ದವರು ಈ ನೋಂದಣಿಯಲ್ಲಿ ಸಿಗುವುದಿಲ್ಲ. ಮುಂದೆ ಇದೇ ದಾಖಲೆಯನ್ನು ಆರೋಗ್ಯ ಸೇವೆಗೂ ಬಳಸಿದ್ದರಿಂದ, ಆಮೇಲೆ ಮದುವೆಯಾದ ಹೆಂಗಸರ ಹಳೆಯ ಮನೆತನದ ಹೆಸರು ಹೊಡೆದು ಹೊಸದನ್ನು ಬರೆದಿರುವುದುಂಟು. ಎರಡೂ ಹೆಸರಲ್ಲಿ ಹುಡುಕಿ.

— ಸಂ.